ಉದ್ಯೋಗದಾತರ ಮುಂಗಡದಲ್ಲಿ ಬೈಸಿಕಲ್ ಖರೀದಿ: ಬೇಲೂರು ಕೈಗಾರಿಕಾ ಪ್ರದೇಶದ ನೌಕರರಿಗೆ ಮಾಹಿತಿ

ಧಾರವಾಡದಿಂದ ಬೆಳಗಾವಿ ದಿಕ್ಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ (ಹಿಂದಿನ ರಾಷ್ಟ್ರೀಯ ಹೆದ್ದಾರಿ 4) ಬದಿಯಲ್ಲಿ ಬೇಲೂರು ಕೈಗಾರಿಕಾ ಪ್ರದೇಶವಿದೆ. 2008ರ ಜುಲೈ 4ರಂದು ಆರಂಭಗೊಂಡು 2013ರಲ್ಲಿ ಕಾಯಂ ಆದ ಉಚ್ಚ ನ್ಯಾಯಾಲಯದ ಧಾರವಾಡ ಪೀಠವೂ ಇದೇ ಭಾಗದಲ್ಲಿದೆ. ನಗರದಿಂದ ಇಲ್ಲಿಗೆ ಸುಮಾರು 10ರಿಂದ 12 ಕಿ.ಮೀ. ದೂರವಾಗುತ್ತದೆ, ನರೇಂದ್ರ, ಮುಮ್ಮಿಗಟ್ಟಿ, ಕೋಟೂರು ಗ್ರಾಮಗಳಿಂದ ಅದಕ್ಕಿಂತ ಕಡಿಮೆ. ಹುಬ್ಬಳ್ಳಿಯಿಂದ ಬರುವವರಿಗೆ ಬೈಸಿಕಲ್ ದಿನನಿತ್ಯದ ವಾಹನವಾಗಲಾರದು. ಆದುದರಿಂದ ಈ ಮಾಹಿತಿಯು ಮುಖ್ಯವಾಗಿ ಧಾರವಾಡ ಹಾಗೂ ಸಮೀಪದ ಗ್ರಾಮಗಳಿಂದ ಕೆಲಸಕ್ಕೆ ಬರುವ ನೌಕರರಿಗೆ ಸಂಬಂಧಿಸಿದೆ.

ಮುಂಗಡದ ಸ್ವರೂಪ

ಬ್ರಿಟನ್ನಿನಲ್ಲಿ 1999ರ ಹಣಕಾಸು ಕಾಯ್ದೆಯ ತೆರಿಗೆ ವಿನಾಯಿತಿಯ ಆಧಾರದಲ್ಲಿ ಉದ್ಯೋಗದಾತರೇ ಬೈಸಿಕಲ್ ಖರೀದಿಸಿ ನೌಕರರ ಬಳಕೆಗೆ ನೀಡುವ ಯೋಜನೆ ನಡೆದುಬಂದಿದೆ. ಭಾರತದಲ್ಲಿ ಅಂತಹ ರಾಷ್ಟ್ರವ್ಯಾಪಿ ತೆರಿಗೆ ಯೋಜನೆ ಇರುವುದಿಲ್ಲ. ಕೇಂದ್ರ ಸರ್ಕಾರಿ ನೌಕರರಿಗಿದ್ದ ಬಡ್ಡಿರಹಿತ ಬೈಸಿಕಲ್ ಮುಂಗಡವನ್ನೂ ಏಳನೇ ವೇತನ ಆಯೋಗದ ಶಿಫಾರಸಿನ ಮೇರೆಗೆ 2016ರ ಅಕ್ಟೋಬರ್‌ನಲ್ಲಿ ರದ್ದುಪಡಿಸಲಾಯಿತು. ಖಾಸಗಿ ಕಾರ್ಖಾನೆಗಳಲ್ಲಿ ಬೈಸಿಕಲ್ ಕೊಳ್ಳಲು ದೊರೆಯಬಹುದಾದುದು ಉದ್ಯೋಗದಾತರು ಸ್ವಇಚ್ಛೆಯಿಂದ ನೀಡುವ ಮುಂಗಡ ಅಥವಾ ನೌಕರರ ಪತ್ತಿನ ಸಹಕಾರ ಸಂಘದ ಸಾಲ ಮಾತ್ರ. ಇವೆರಡೂ ವೇತನದಿಂದ ಮರುಪಾವತಿಯಾಗುವ ಹಣವೇ ಹೊರತು ಸಹಾಯಧನವಲ್ಲ. 9,000 ರೂಪಾಯಿ ಬಡ್ಡಿರಹಿತ ಮುಂಗಡವನ್ನು 10 ಕಂತುಗಳಲ್ಲಿ ತೀರಿಸುವವರಿಗೆ ತಿಂಗಳಿಗೆ 900 ರೂಪಾಯಿ ಕಡಿತವಾಗುತ್ತದೆ.

ವೇತನ ಸಂಹಿತೆ, 2019 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಅದರಂತೆ ಒಂದು ವೇತನ ಅವಧಿಯಲ್ಲಿ ಎಲ್ಲ ಬಗೆಯ ಕಡಿತಗಳ ಒಟ್ಟು ಮೊತ್ತ ವೇತನದ ಶೇ. 50ನ್ನು ಮೀರತಕ್ಕದ್ದಲ್ಲ. ಸಹಿ ಮಾಡುವ ಮೊದಲು ಕಂತಿನ ಮೊತ್ತ, ಬಡ್ಡಿ, ಹಾಗೂ ಬೈಸಿಕಲ್ ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ಪತ್ರದಲ್ಲಿ ಓದಿಕೊಳ್ಳುವುದು ಅವಶ್ಯ. ನೌಕರಿ ಬಿಟ್ಟಲ್ಲಿ ಬಾಕಿಯನ್ನು ಹೇಗೆ ವಸೂಲು ಮಾಡಲಾಗುವುದು ಎಂಬ ಷರತ್ತು ಎಲ್ಲಕ್ಕಿಂತ ಮುಖ್ಯವಾದುದು. ಗುತ್ತಿಗೆ ನೌಕರರು ಇದನ್ನು ಬರಹದಲ್ಲಿಯೇ ಪಡೆಯತಕ್ಕದ್ದು. ಬಾಯಿಮಾತಿನ ಭರವಸೆ ಅಂತಿಮ ಲೆಕ್ಕದ ದಿನ ನೆರವಿಗೆ ಬರುವುದಿಲ್ಲ.

ಬೈಸಿಕಲ್ ಆಯ್ಕೆ

ಮುಂಗಡ ದೊರೆಯುತ್ತದೆ ಎಂಬ ಕಾರಣಕ್ಕೆ ಅದರ ಪೂರ್ತಿ ಮೊತ್ತದ ಬೈಸಿಕಲ್ ಕೊಳ್ಳಬೇಕೆಂದಿಲ್ಲ. ಆಯ್ಕೆಯನ್ನು ನಿರ್ಧರಿಸಬೇಕಾದುದು ದಿನವೂ ಸಾಗುವ ರಸ್ತೆ ಮತ್ತು ಮನೆಯ ಹತ್ತಿರದ ದುರಸ್ತಿ ಅಂಗಡಿ.

28 ಇಂಚು ಚಕ್ರದ ಹಳೆಯ ಮಾದರಿಯ ಗಟ್ಟಿ ಬೈಸಿಕಲ್ ಭಾರವಾದರೂ ಹೊರೆ ತಾಳುತ್ತದೆ. ಅದರ ಟೈರು, ಟ್ಯೂಬು ಹಳ್ಳಿಯ ಅಂಗಡಿಯಲ್ಲಿಯೂ ಸಿಗುತ್ತವೆ. ಆದರೆ ಕಂಬಿಯಿಂದ ಎಳೆಯುವ ಬ್ರೇಕು ಮತ್ತು ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಹಿಡಿತ ಬಹಳ ಕಡಿಮೆಯಾಗುತ್ತದೆ. ಇದು ಸಣ್ಣ ದೋಷವಲ್ಲ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿ ಒದ್ದೆ ರಸ್ತೆಯೇ ವಾಡಿಕೆ. ಅಲ್ಯೂಮಿನಿಯಂ ರಿಮ್ಮು ಒದ್ದೆಯಲ್ಲಿ ಇದಕ್ಕಿಂತ ಮೇಲು. ಡಿಸ್ಕ್ ಬ್ರೇಕು ಇನ್ನೂ ಉತ್ತಮವಾದರೂ ಅದನ್ನು ಸರಿಪಡಿಸಬಲ್ಲವರು ಸಮೀಪದಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ದಪ್ಪ ಗುಬ್ಬಿಗಳ ಟೈರಿನ, ಎರಡೂ ಕಡೆ ಸ್ಪ್ರಿಂಗ್ ಇರುವ ಬೈಸಿಕಲ್ಲುಗಳು ನೋಡಲು ಆಕರ್ಷಕವಾಗಿದ್ದರೂ ಡಾಂಬರು ರಸ್ತೆಯಲ್ಲಿ ತುಳಿಯುವವರ ಶ್ರಮವನ್ನು ಹೆಚ್ಚಿಸುತ್ತವೆ; 8 ಗಂಟೆಗಳ ಪಾಳಿ ಮುಗಿಸಿದವರಿಗೆ ಇದು ಹಿತವಲ್ಲ.

ಐದಾರು ಕಿ.ಮೀ. ಒಳಗಿನ ಗ್ರಾಮಗಳಿಂದ ಬರುವವರಿಗೆ ಗೇರ್ ಇಲ್ಲದ ಬೈಸಿಕಲ್ ಸಾಕು. 2006-07ರಲ್ಲಿ ಆರಂಭಗೊಂಡ ರಾಜ್ಯದ ಉಚಿತ ಬೈಸಿಕಲ್ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ನೀಡಿದ ಬೈಸಿಕಲ್ಲುಗಳೂ ಇದೇ ಬಗೆಯವು. ಧಾರವಾಡದಿಂದ ಪೂರ್ತಿ ದೂರ ಸಾಗುವವರಿಗೆ, ಅದರಲ್ಲಿಯೂ ಮುಂಗಾರಿನ ಪಶ್ಚಿಮದ ಗಾಳಿ ಎದುರಾಗುವ ದಿನಗಳಲ್ಲಿ, ಕೆಲವು ಗೇರುಗಳಿದ್ದರೆ ಅನುಕೂಲ.

ಬೈಸಿಕಲ್ಲಿನ ಅಳತೆ ಮೈಗೆ ಹೊಂದತಕ್ಕದ್ದು. ಅಡ್ಡಪಟ್ಟಿಯ ಮೇಲೆ ಕಾಲು ಹಾಕಿ ನಿಂತಾಗ ಎರಡೂ ಪಾದಗಳು ನೆಲಕ್ಕೆ ಮುಟ್ಟಿ, ಪಟ್ಟಿಗೂ ದೇಹಕ್ಕೂ ನಡುವೆ ಎರಡು ಬೆರಳಿನಷ್ಟಾದರೂ ಅಂತರ ಉಳಿಯಬೇಕು. ಪೆಡಲ್ ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವಂತೆ ಸೀಟನ್ನು ಏರಿಸಿಕೊಳ್ಳಬೇಕು. ಸೀಟು ತಗ್ಗಿಸಿ ತುಳಿಯುವುದು ಮೊಣಕಾಲು ನೋವಿಗೆ ಕಾರಣವಾಗುತ್ತದೆ. ಸೀರೆ ಅಥವಾ ಚೂಡಿದಾರ ಧರಿಸುವವರು ಬಾಗಿದ ಪಟ್ಟಿಯ ಫ್ರೇಮು ಹಾಗೂ ಪೂರ್ಣ ಚೈನ್ ಕವರ್ ಇರುವುದನ್ನು ಆರಿಸಿಕೊಳ್ಳಬಹುದು.

ಬೆಲೆ ಹೋಲಿಸುವಾಗ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೀಗ ಮತ್ತು ದೀಪಗಳನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಬೈಸಿಕಲ್ ಮೇಲಿನ ಜಿ.ಎಸ್.ಟಿ. 22-09-2025ರಿಂದ ಶೇ. 12ರ ಬದಲು ಶೇ. 5 ಆಗಿದೆ, ರಸೀದಿಯಲ್ಲಿ ಇದನ್ನು ಪರಿಶೀಲಿಸತಕ್ಕದ್ದು. ಬ್ಯಾಟರಿ ಬೈಸಿಕಲ್ ಬಯಸುವವರು ಮೋಟಾರಿನ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆ ಇದೆಯೆಂದೂ ವೇಗ ಗಂಟೆಗೆ 25 ಕಿ.ಮೀ. ಮೀರುವುದಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಈ ಮಿತಿಯನ್ನು ದಾಟಿದ ವಾಹನಕ್ಕೆ ನೋಂದಣಿ ಮತ್ತು ಚಾಲನಾ ಪರವಾನಗಿ ಬೇಕಾಗುತ್ತದೆ.

ರಾತ್ರಿ ಪಾಳಿ ಮತ್ತು ಹೆದ್ದಾರಿ

ಲಾರಿಗಳು ವೇಗವಾಗಿ ಸಾಗುವ ಹೆದ್ದಾರಿಯ ಮುಖ್ಯ ಪಥವನ್ನು ಬಿಟ್ಟು, ಸರ್ವಿಸ್ ರಸ್ತೆ ಇರುವೆಡೆ ಅದನ್ನೇ ಬಳಸುವುದು ಲೇಸು. ಹತ್ತಿರವಾಗುತ್ತದೆಂದು ಎದುರು ದಿಕ್ಕಿನಲ್ಲಿ ಬರುವುದು ಅತ್ಯಂತ ಅಪಾಯಕರ. ಕತ್ತಲಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಮತ್ತು ಪ್ರತಿಫಲಕ ಇರಲೇಬೇಕು. ಖರ್ಚು ಇಳಿಸಬೇಕಾದಲ್ಲಿ ಗೇರಿನಲ್ಲಿ ಇಳಿಸಿಕೊಳ್ಳಬಹುದು, ದೀಪದಲ್ಲಿ ಅಲ್ಲ.

ದಾರಿಯಲ್ಲಿ ಅಪಘಾತವಾದಲ್ಲಿ

ಮನೆಯಿಂದ ಕೆಲಸಕ್ಕೆ ಹೋಗಿಬರುವಾಗ ಆಗುವ ಅಪಘಾತವನ್ನು, ಅದರ ಸಂದರ್ಭ, ಸಮಯ ಮತ್ತು ಸ್ಥಳಕ್ಕೆ ಉದ್ಯೋಗದೊಡನೆ ಸಂಬಂಧ ರುಜುವಾತಾದಲ್ಲಿ, ಉದ್ಯೋಗಜನ್ಯ ಗಾಯವೆಂದು ಪರಿಗಣಿಸಲಾಗುತ್ತದೆ. ಇ.ಎಸ್.ಐ. ವಿಮಾದಾರರಿಗೆ ಈ ಅವಕಾಶ 2010ರಿಂದ ಇದೆ. ಸಾಮಾಜಿಕ ಭದ್ರತಾ ಸಂಹಿತೆ, 2020 ಅದನ್ನು ಇ.ಎಸ್.ಐ. ವ್ಯಾಪ್ತಿಯ ಹೊರಗಿರುವವರ ಪರಿಹಾರಕ್ಕೂ ವಿಸ್ತರಿಸಿದೆ. ಬೈಸಿಕಲ್ ಸವಾರರೂ ಇದಕ್ಕೆ ಹೊರತಲ್ಲ. ಅಪಘಾತದ ವಿಷಯವನ್ನು ವಿಳಂಬವಿಲ್ಲದೆ ಉದ್ಯೋಗದಾತರಿಗೆ ತಿಳಿಸಿ, ಚಿಕಿತ್ಸೆಯ ಚೀಟಿ, ಆ ದಿನದ ಪಾಳಿಯ ದಾಖಲೆ ಮತ್ತು ಕಂಡವರ ಹೆಸರುಗಳನ್ನು ಇಟ್ಟುಕೊಳ್ಳತಕ್ಕದ್ದು. ಮುಂಗಡದ ಪತ್ರದ ಪ್ರತಿ, ಖರೀದಿ ರಸೀದಿ ಹಾಗೂ ಫ್ರೇಮಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಇವುಗಳ ಜೊತೆಯಲ್ಲಿಯೇ ಮನೆಯಲ್ಲಿಡುವುದು ಸೂಕ್ತ. ಬೈಸಿಕಲ್ ಕಳುವಾದಾಗ ಪೊಲೀಸ್ ಠಾಣೆಗೆ ದೂರು ನೀಡಲು ಆ ಸಂಖ್ಯೆ ನೆರವಾಗುತ್ತದೆ.