ಧೊಂಡೆನ್‌ಲಿಂಗ್ ಟಿಬೆಟನ್ ವಸತಿ, ಒಡೆಯರಪಾಳ್ಯ

ಧೊಂಡೆನ್‌ಲಿಂಗ್ ಕರ್ನಾಟಕದ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಸಮೀಪವಿರುವ ಟಿಬೆಟನ್ ನಿರಾಶ್ರಿತರ ವಸತಿ ಪ್ರದೇಶ. ಇದು 1974ರಲ್ಲಿ ಸ್ಥಾಪನೆಯಾಯಿತು. ಹಿಂದಿನ ತಾಲ್ಲೂಕಿನ ಹೆಸರಿನಿಂದ ಇದನ್ನು ಕೊಳ್ಳೇಗಾಲದ ಟಿಬೆಟನ್ ವಸತಿ ಎಂದೂ ಕರೆಯಲಾಗುತ್ತದೆ.

ಹಿನ್ನೆಲೆ

1959ರ ಮಾರ್ಚ್‌ನಲ್ಲಿ 14ನೆಯ ದಲೈ ಲಾಮಾ ಅವರು ಲ್ಹಾಸಾವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟನ್ನರು ಗಡಿ ದಾಟಿದರು. ಇವರಲ್ಲಿ ಅನೇಕರು ಆರಂಭದ ವರ್ಷಗಳಲ್ಲಿ ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕೂಲಿಗಳಾಗಿ ದುಡಿದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರ ಕೋರಿಕೆಗೆ ಸ್ಪಂದಿಸಿದ ಅಂದಿನ ಮೈಸೂರು ರಾಜ್ಯವು ಬೇಸಾಯಕ್ಕೆ ಭೂಮಿಯನ್ನು ಒದಗಿಸಿತು. 1960ರಲ್ಲಿ ಬೈಲಕುಪ್ಪೆ ಹಾಗೂ 1966ರಲ್ಲಿ ಮುಂಡಗೋಡದ ನೆಲೆಗಳು ಆರಂಭವಾದವು. ಹುಣಸೂರು ತಾಲ್ಲೂಕಿನ ಗುರುಪುರ ಮತ್ತು ಒಡೆಯರಪಾಳ್ಯದ ನೆಲೆಗಳು 1970ರ ದಶಕದಲ್ಲಿ ರೂಪುಗೊಂಡವು.

ಭೌಗೋಳಿಕ ನೆಲೆ

1997ರಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಮತ್ತು ಕೊಳ್ಳೇಗಾಲ ತಾಲ್ಲೂಕುಗಳನ್ನು ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ ಹೊಸ ಜಿಲ್ಲೆಯನ್ನು ರಚಿಸಲಾಯಿತು. ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಒಡೆಯರಪಾಳ್ಯ ಈಗ ಹನೂರು ತಾಲ್ಲೂಕಿಗೆ ಸೇರಿದೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳ ನಡುವಿನ ಈ ಪ್ರದೇಶದಲ್ಲಿ ಸೋಲಿಗರ ಹಾಡಿಗಳೂ ಆನೆಗಳ ಸಂಚಾರ ಮಾರ್ಗಗಳೂ ಇವೆ. ವಸತಿಯ 22 ಗ್ರಾಮಗಳನ್ನು ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳಿಂದ ಗುರುತಿಸಲಾಗುತ್ತದೆ.

ಆಡಳಿತ ಮತ್ತು ಜೀವನೋಪಾಯ

ಧರ್ಮಶಾಲಾದಲ್ಲಿರುವ ಕೇಂದ್ರೀಯ ಟಿಬೆಟನ್ ಆಡಳಿತದ ಗೃಹ ಇಲಾಖೆಯ ಪ್ರತಿನಿಧಿಯು ವಸತಿಯ ಆಡಳಿತವನ್ನು ನೋಡಿಕೊಳ್ಳುತ್ತಾರೆ. ಮಳೆಯಾಶ್ರಿತ ಮುಸುಕಿನ ಜೋಳ ಇಲ್ಲಿನ ಮುಖ್ಯ ಬೆಳೆ. ಬೀಜ, ಗೊಬ್ಬರ ಮತ್ತು ಮಾರಾಟದ ವ್ಯವಸ್ಥೆಯನ್ನು ನಿವಾಸಿಗಳ ಸಹಕಾರ ಸಂಘ ನಿರ್ವಹಿಸುತ್ತದೆ. ಬೆಳೆಯ ಆದಾಯ ಸಾಲದಿರುವುದರಿಂದ ಅನೇಕ ಕುಟುಂಬಗಳು ಚಳಿಗಾಲದಲ್ಲಿ ನಗರಗಳಿಗೆ ತೆರಳಿ ಸ್ವೆಟರ್ ವ್ಯಾಪಾರ ಮಾಡುತ್ತವೆ.

ವೈದ್ಯಕೀಯ ಮತ್ತು ಧಾರ್ಮಿಕ ಸಂಸ್ಥೆಗಳು

1916ರಲ್ಲಿ ಲ್ಹಾಸಾದಲ್ಲಿ ಆರಂಭವಾಗಿ 1961ರಲ್ಲಿ ಧರ್ಮಶಾಲಾದಲ್ಲಿ ಮರುಸ್ಥಾಪನೆಯಾದ ಮೆನ್-ಸೀ-ಖಾಂಗ್ ಸಂಸ್ಥೆಯು ಭಾರತದ ಟಿಬೆಟನ್ ವಸತಿಗಳಲ್ಲಿ ಸೋವಾ ರಿಗ್ಪಾ ಚಿಕಿತ್ಸಾಲಯಗಳನ್ನು ನಡೆಸುತ್ತದೆ. ಅಲ್ಲಿ ತರಬೇತಿ ಪಡೆದ ಟಿಬೆಟನ್ ವೈದ್ಯರು ನಾಡಿ ಪರೀಕ್ಷೆ ಮತ್ತು ಗಿಡಮೂಲಿಕೆಗಳ ಔಷಧಗಳಿಂದ ತಮ್ಮ ಸಮುದಾಯದವರಿಗೂ ಭಾರತೀಯ ರೋಗಿಗಳಿಗೂ ಚಿಕಿತ್ಸೆ ನೀಡುತ್ತಾರೆ. 2010ರಲ್ಲಿ ಭಾರತ ಸರ್ಕಾರವು ಈ ಪದ್ಧತಿಗೆ ಕಾನೂನುಬದ್ಧ ಮಾನ್ಯತೆ ನೀಡಿತು. ಟಿಬೆಟ್‌ನ ಖಾಮ್ ಪ್ರಾಂತದ ಪ್ರಾಚೀನ ಜೋಗ್‌ಚೆನ್ ಮಠವನ್ನು ಧೊಂಡೆನ್‌ಲಿಂಗ್‌ನಲ್ಲಿ ಮರುಸ್ಥಾಪಿಸಲಾಗಿದ್ದು, 1992ರ ಜನವರಿಯಲ್ಲಿ ದಲೈ ಲಾಮಾ ಅದನ್ನು ಉದ್ಘಾಟಿಸಿದರು.

ಸ್ಥಳೀಯರೊಂದಿಗೆ ಬಾಂಧವ್ಯ

ಟಿಬೆಟನ್ನರು ಮತ್ತು ಭಾರತೀಯರ ನಡುವೆ ಸ್ನೇಹವನ್ನು ಬೆಳೆಸಲು ಭಾರತ–ಟಿಬೆಟ್ ಮೈತ್ರಿ ಸಂಘವು ರಾಷ್ಟ್ರಮಟ್ಟದಲ್ಲಿ ಕೆಲಸ ಮಾಡುತ್ತಿದೆ. ಆಶ್ರಯ ನೀಡಿದ ರಾಜ್ಯಕ್ಕೆ ಕೃತಜ್ಞತೆ ಸಲ್ಲಿಸಲು ಟಿಬೆಟನ್ನರು 2018ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಹಮ್ಮಿಕೊಂಡ ‘ಥ್ಯಾಂಕ್ ಯೂ ಕರ್ನಾಟಕ’ ಸಮಾರಂಭದಲ್ಲಿ ದಲೈ ಲಾಮಾ ಅವರು ಪಾಲ್ಗೊಂಡಿದ್ದರು.

ಕಾನೂನು ಸ್ಥಿತಿ ಮತ್ತು ಸಮಸ್ಯೆಗಳು

ನಿವಾಸಿಗಳು ಸಾಗುವಳಿ ಮಾಡುವ ಭೂಮಿ ಅವರ ಸ್ವಂತದ್ದಲ್ಲ; ಅದನ್ನು ಸರ್ಕಾರ ಗುತ್ತಿಗೆಯ ಮೇಲೆ ನೀಡಿದೆ. ಗುತ್ತಿಗೆ ಹಾಗೂ ಸರ್ಕಾರಿ ಯೋಜನೆಗಳ ಸೌಲಭ್ಯಗಳಿಗೆ ಏಕರೂಪತೆ ತರಲು ಕೇಂದ್ರ ಸರ್ಕಾರವು 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿಯನ್ನು ಪ್ರಕಟಿಸಿತು. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಜನಿಸಿದವರು ಜನ್ಮತಃ ಭಾರತೀಯ ಪೌರರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ನೀಡಿತು. ಆದರೆ ಪೌರತ್ವ ಪಡೆದರೆ ನಿರಾಶ್ರಿತರೆಂಬ ಗುರುತು ಮತ್ತು ವಸತಿಯ ಸೌಲಭ್ಯಗಳು ಕೈತಪ್ಪಬಹುದೆಂಬ ಆತಂಕ ಹಲವರಲ್ಲಿದೆ. ಅನಿಶ್ಚಿತ ಮಳೆ, ಬೆಳೆಗೆ ನುಗ್ಗುವ ಕಾಡುಪ್ರಾಣಿಗಳು ಮತ್ತು ಉದ್ಯೋಗಕ್ಕಾಗಿ ನಗರಗಳಿಗೂ ವಿದೇಶಗಳಿಗೂ ತೆರಳುವ ಯುವಜನರ ವಲಸೆ ವಸತಿಯ ಪ್ರಮುಖ ಸಮಸ್ಯೆಗಳಾಗಿವೆ. ಯುವಕರು ಹೊರಟಂತೆ ಹೊಲಗಳ ಸಾಗುವಳಿ ಮತ್ತು ವೃದ್ಧರ ಆರೈಕೆಯ ಹೊಣೆ ಉಳಿದ ಕುಟುಂಬಗಳ ಹಾಗೂ ಸಮುದಾಯದ ಸಂಸ್ಥೆಗಳ ಮೇಲೆ ಬೀಳುತ್ತಿದೆ.