ಬೆಂಗಳೂರಿನ ಮಾತು, ಕಠ್ಮಂಡುವಿನ ಸಹಿ

೧೯೮೬ರ ನವೆಂಬರ್ ೧೬ ಮತ್ತು ೧೭ರಂದು ಏಳು ನೆರೆರಾಷ್ಟ್ರಗಳ ಮುಖಂಡರು ನಮ್ಮ ಬೆಂಗಳೂರಿನಲ್ಲಿ ಕಲೆತದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅದು ಸಾರ್ಕ್ ಸಂಸ್ಥೆಯ ಎರಡನೆಯ ಶೃಂಗಸಭೆ. ನಮ್ಮ ಪ್ರಧಾನಿ ರಾಜೀವ್ ಗಾಂಧಿ, ಶ್ರೀಲಂಕಾದ ಜಯವರ್ಧನೆ, ಪಾಕಿಸ್ತಾನದ ಜುನೇಜೊ, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಮೊದಲಾದವರು ಅಲ್ಲಿದ್ದರು. ಭಯೋತ್ಪಾದನೆಯನ್ನು ಅಡಗಿಸಲು ನೆರೆಹೊರೆಯ ಸಹಕಾರ ಅತ್ಯಗತ್ಯವೆಂದು ಬೆಂಗಳೂರು ಘೋಷಣೆಯಲ್ಲಿ ಎಲ್ಲರೂ ಒಪ್ಪಿದರು.

ಮರುವರ್ಷ ನವೆಂಬರ್ ೪ರಂದು ಕಠ್ಮಂಡುವಿನಲ್ಲಿ ಆ ಮಾತಿಗೆ ಒಪ್ಪಂದದ ರೂಪ ಬಂದಿತು. ೧೯೮೮ರ ಆಗಸ್ಟ್ ೨೨ರಿಂದ ಅದು ಜಾರಿಯಾಯಿತು. ತಿರುಳು ಸರಳ: ಕೊಲೆ, ವಿಮಾನಾಪಹರಣ, ಒತ್ತೆಸೆರೆ, ಬಾಂಬ್ ಸ್ಫೋಟಗಳಂಥ ಕೃತ್ಯಗಳನ್ನು 'ರಾಜಕೀಯ ಅಪರಾಧ' ಎಂದು ಮನ್ನಿಸುವಂತಿಲ್ಲ. ಗಡಿ ದಾಟಿ ಬಂದ ಆರೋಪಿಯನ್ನು ಒಪ್ಪಿಸಬೇಕು, ಇಲ್ಲವೆ ತನ್ನಲ್ಲೇ ವಿಚಾರಣೆಗೆ ಗುರಿಪಡಿಸಬೇಕು.

ಆದರೆ ಕಚೇರಿಯ ಕಡತಗಳ ನಡುವೆ ದಿನ ಕಳೆಯುವ ನನ್ನಂಥವರು ಯಾವ ಆದೇಶವನ್ನಾದರೂ ಷರತ್ತುಗಳ ಕಡೆಯಿಂದಲೇ ಓದುತ್ತೇವೆ. ಏಳನೆಯ ವಿಧಿಯ ಪ್ರಕಾರ, ಕೋರಿಕೆ ಸದುದ್ದೇಶದ್ದಲ್ಲವೆಂದು ತೋರಿದರೆ ಆರೋಪಿಯನ್ನು ಒಪ್ಪಿಸಬೇಕಾಗಿಲ್ಲ. ಯಾರಿಗೆ ತೋರಿದರೆ? ಕೋರಿಕೆ ಪಡೆದ ದೇಶಕ್ಕೇ! ಮೇಲಾಗಿ, ಸಾರ್ಕ್ ಸನ್ನದಿನ ಹತ್ತನೆಯ ವಿಧಿಯಂತೆ ಇಬ್ಬರ ನಡುವಿನ ವಿವಾದವನ್ನು ಸಂಸ್ಥೆಯ ಸಭೆಯಲ್ಲಿ ಚರ್ಚಿಸುವಂತಿಲ್ಲ.

ಇದರ ಫಲ ನಮ್ಮವರು ಸಾವಿರಾರು ಮಂದಿ ನೆಲೆಸಿರುವ ಮುಂಬಯಿಯಲ್ಲೇ ಕಂಡಿತು. ೧೯೯೩ರ ಮಾರ್ಚ್ ೧೨ರ ಸರಣಿ ಸ್ಫೋಟಗಳಲ್ಲಿ ೨೫೭ ಮಂದಿ ಸತ್ತರು. ಮುಖ್ಯ ಆರೋಪಿಗಳಲ್ಲಿ ಕೆಲವರು ಪಾಕಿಸ್ತಾನದಲ್ಲಿದ್ದಾರೆಂದು ಭಾರತ ಹೇಳುತ್ತ ಬಂದಿತು. ಪಾಕಿಸ್ತಾನ ಅಲ್ಲಗಳೆಯುತ್ತ ಬಂದಿತು. ಎರಡೂ ದೇಶಗಳ ಸಹಿಯಿದ್ದ ಒಪ್ಪಂದ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಉಗ್ರರಿಗೆ ಹಣ ಹೋಗದಂತೆ ತಡೆಯಲು ೨೦೦೪ರಲ್ಲಿ ಇಸ್ಲಾಮಾಬಾದಿನಲ್ಲಿ ಇನ್ನೊಂದು ಪೂರಕ ಒಪ್ಪಂದವೂ ಆಯಿತು. ೨೦೧೬ರಲ್ಲಿ ಉರಿ ದಾಳಿಯಾದ ಮೇಲೆ ಅದೇ ಇಸ್ಲಾಮಾಬಾದಿನಲ್ಲಿ ಸೇರಬೇಕಿದ್ದ ಶೃಂಗಸಭೆಯೇ ನಿಂತುಹೋಯಿತು.

ಹಾಗಾದರೆ ಸಹಕಾರವೆಂಬುದು ಬರಿಯ ಬಾಯಿಮಾತೆ? ಅಲ್ಲ. ಉಲ್ಫಾ, ಬೋಡೊ ಮತ್ತು ಕಾಮ್ತಾಪುರಿ ಉಗ್ರರು ದಕ್ಷಿಣ ಭೂತಾನದ ಕಾಡುಗಳಲ್ಲಿ ಮೂವತ್ತು ಶಿಬಿರಗಳನ್ನು ಹೂಡಿದ್ದರು. ಭೂತಾನ ವರ್ಷಗಟ್ಟಲೆ ಅವರೊಡನೆ ಮಾತುಕತೆ ನಡೆಸಿ ನೋಡಿತು. ಅದು ಫಲಿಸದಿದ್ದಾಗ, ೨೦೦೩ರ ಡಿಸೆಂಬರ್ ೧೫ರಂದು ಆ ಪುಟ್ಟ ರಾಜ್ಯದ ಸೇನೆ ಶಿಬಿರಗಳ ಮೇಲೆ ಎರಗಿತು. ಇತ್ತ ಭಾರತದ ಸೇನೆ ಗಡಿಯನ್ನು ಕಾದು ನಿಂತಿತು. ಕೆಲವೇ ದಿನಗಳಲ್ಲಿ ಶಿಬಿರಗಳು ನೆಲಸಮವಾದವು. ಈ ನಿರ್ಧಾರ ಕೈಗೊಂಡ ದೊರೆ, ಹದಿನೇಳು ವರ್ಷಗಳ ಹಿಂದೆ ಬೆಂಗಳೂರಿಗೆ ಬಂದಿದ್ದ ಅದೇ ವಾಂಗ್‌ಚುಕ್. ಬಾಂಗ್ಲಾದೇಶವೂ ೨೦೧೫ರಲ್ಲಿ ಉಲ್ಫಾ ನಾಯಕ ಅನೂಪ್ ಚೇಟಿಯಾನನ್ನು ನಮಗೆ ಒಪ್ಪಿಸಿತು.

ಒಪ್ಪಂದದ ಕಾಗದ ಬೇಡವೆಂದಲ್ಲ; ಅದಿದ್ದರೆ ಕೇಳುವ ಹಕ್ಕಾದರೂ ಇರುತ್ತದೆ. ಆದರೆ ಕೊಡುವ ಮನಸ್ಸು ಹುಟ್ಟುವುದು, ಪಕ್ಕದ ಮನೆಗೆ ಬಿದ್ದ ಬೆಂಕಿ ತನ್ನ ಸೂರಿಗೂ ತಗುಲುತ್ತದೆಂದು ನೆರೆಯವನಿಗೆ ಮನವರಿಕೆಯಾದಾಗ ಮಾತ್ರ.