ಅಮ್ಮೀಟರ್ ಇಲ್ಲದ ಮೇಷ್ಟ್ರು

ಶಾಲೆಯ ಐವತ್ತು ವರ್ಷಗಳ ಇತಿಹಾಸ ಬರೆಯುವವರು ಕಟ್ಟಡ, ಫಲಿತಾಂಶ, ಕ್ರೀಡಾಕೂಟದ ಕಪ್ಪುಗಳ ವಿಷಯ ಹೇಗೂ ಬರೆಯುತ್ತಾರೆ. ನಾನು ವಿಜ್ಞಾನ ಕೊಠಡಿಯ ಬೀರುವಿನಲ್ಲಿದ್ದ ಒಂದೇ ಒಂದು ಅಮ್ಮೀಟರಿನ ವಿಷಯ ಬರೆಯುತ್ತೇನೆ. ಅದನ್ನು ಸುಟ್ಟವನು ನಾನು.

ಹತ್ತನೇ ತರಗತಿ, ಓಮ್‌ನ ನಿಯಮದ ಪ್ರಯೋಗ. ಅಮ್ಮೀಟರನ್ನು ತಂತಿಯೊಡನೆ ಸರಣಿಯಲ್ಲಿ ಜೋಡಿಸಬೇಕು. ನಾನು ಅವಸರದಲ್ಲಿ ನೇರವಾಗಿ ಸೆಲ್ಲುಗಳ ಎರಡು ತುದಿಗೇ ಜೋಡಿಸಿದೆ. ಅದರೊಳಗಿನ ರೋಧ ಬಹಳ ಕಡಿಮೆ. ರೋಧ ಕಡಿಮೆಯಾದಷ್ಟೂ ಪ್ರವಾಹ ಹೆಚ್ಚು. ಮುಳ್ಳು ಕೊನೆಗೆ ಬಡಿಯಿತು, ಮತ್ತೆಂದೂ ಏಳಲಿಲ್ಲ. ಯಾರು ಮಾಡಿದ್ದೆಂದು ಮೇಷ್ಟ್ರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಅನುಮಾನ ಪಕ್ಕದಲ್ಲಿದ್ದ ಗೆಳೆಯನ ಮೇಲೆ ಹೋಯಿತು.

ಮಾರನೆಯ ದಿನ ಮೇಷ್ಟ್ರು ಒಂದು ದಿಕ್ಸೂಚಿ, ಹೀಟರಿನ ಹಳೆಯ ತಂತಿ ತಂದರು. “ಓಮ್ ಹತ್ತಿರಾನೂ ಅಮ್ಮೀಟರ್ ಇರ್ಲಿಲ್ಲ ಕಣ್ರೋ. ಅವನೂ ನನ್ನ ಹಾಗೆ ಹೈಸ್ಕೂಲು ಮೇಷ್ಟ್ರೇ” ಎಂದರು.

ಅದು ನಿಜ. 1789ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಬೀಗ ಮಾಡುವವನ ಮಗನಾಗಿ ಹುಟ್ಟಿದ ಗೇಯಾರ್ಗ್ ಓಮ್, ಕಲೋನ್ ನಗರದ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದ. ಪ್ರವಾಹ ಹರಿಯುವ ತಂತಿ ಕಾಂತಸೂಜಿಯನ್ನು ತಿರುಗಿಸುತ್ತದೆಂದು 1820ರಲ್ಲಿ ಅರ್ಸ್ಟೆಡ್ ತೋರಿಸಿದ್ದ. ಆ ತಿರುವನ್ನೇ ಓಮ್ ಅಳತೆಗೋಲು ಮಾಡಿಕೊಂಡ. 1825ರಲ್ಲಿ ಅವನು ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು. ಅಂದಿನ ಬ್ಯಾಟರಿಗಳ ಬಲ ನಿಮಿಷ ನಿಮಿಷಕ್ಕೂ ಇಳಿಯುತ್ತಿದ್ದುದು ದೊಡ್ಡ ತೊಡಕು. ಬಳಿಕ ತಾಮ್ರ ಮತ್ತು ಬಿಸ್ಮತ್ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ಮೂಲ ಪಡೆದ. ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ನೋಡಿದ. ತಂತಿಯ ರೋಧಕ್ಕೆ ಮಂಡಲದ ಉಳಿದ ಭಾಗದ ರೋಧವನ್ನೂ ಕೂಡಿಸಿದಾಗ ಲೆಕ್ಕ ಸರಿಹೋಯಿತು.

1827ರಲ್ಲಿ ಪುಸ್ತಕ ಬಂತು. ವಿಶ್ವವಿದ್ಯಾಲಯದ ಹುದ್ದೆ ಸಿಗುತ್ತದೆಂದು ಕಾದವನಿಗೆ ಸಿಕ್ಕಿದ್ದು ತಾತ್ಸಾರ. ಕೆಲಸಕ್ಕೇ ರಾಜೀನಾಮೆ ಕೊಟ್ಟ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟಿದ್ದು 1841ರಲ್ಲಿ.

ನಮ್ಮ ದಿಕ್ಸೂಚಿಯೂ ತಂತಿ ಉದ್ದವಾದಂತೆ ಕಡಿಮೆ ತಿರುಗಿತು. ಆದರೆ ಬೆಳಗಿನ ಅಳತೆ ಸಂಜೆಗೆ ಹೊಂದಲಿಲ್ಲ, ಸೆಲ್ ಸೊರಗಿತ್ತು. ಓಮ್‌ನ ಕಾಟವೇ ನಮಗೂ!

ಸಾಮರ್ಥ್ಯದ ಲೆಕ್ಕವನ್ನು ಮೇಷ್ಟ್ರು ಮನೆಯ ಬಲ್ಬಿನಲ್ಲೇ ಮಾಡಿಸಿದರು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಭಾಗಿಸಿದರೆ ಓಮ್. 230 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬಿಗೆ ಸುಮಾರು 0.26 ಆಂಪಿಯರ್, ರೋಧ ಸುಮಾರು 880 ಓಮ್. ರಾತ್ರಿ ಪಂಪ್‌ಸೆಟ್‌ಗಳು ಶುರುವಾದರೆ ಟಿವಿ ಇದ್ದವರ ಮನೆಯ ಸ್ಟೆಬಿಲೈಜರ್ ಮುಳ್ಳು 160ಕ್ಕೆ ಇಳಿಯುತ್ತಿತ್ತು. ರೋಧ ಅಷ್ಟೇ ಎಂದುಕೊಂಡರೆ ಬಲ್ಬಿಗೆ ಸಿಗುವುದು 29 ವ್ಯಾಟ್. ತಂತು ತಣ್ಣಗಾದಂತೆ ರೋಧವೂ ಇಳಿಯುವುದರಿಂದ ನಿಜದಲ್ಲಿ ಸ್ವಲ್ಪ ಹೆಚ್ಚು. ಬೆಳಕು ಮಾತ್ರ ಅರ್ಧವೂ ಇರುತ್ತಿರಲಿಲ್ಲ. ಆ ಕೆಂಪು ಬೆಳಕಿನಲ್ಲೇ ನಾವು ಪರೀಕ್ಷೆಗೆ ಓದಿದ್ದು.

ಮೇಷ್ಟ್ರು ಈಗಿಲ್ಲ. ಗೆಳೆಯ ಊರಲ್ಲೇ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ದಿನಕ್ಕೆ ಹತ್ತು ಸಲ ಓಮ್ ಅಳೆಯುತ್ತಾನೆ. ಈ ಸಂಚಿಕೆ ಅವನ ಕೈಗೂ ಹೋಗುತ್ತದೆ.